ಹಾಯಿದೋಣಿಯ ಏರಿಳಿತ

(ಓದತಕ್ಕ ಭಾಗಗಳು: ಕೀರ್ತನೆ 107, ವಚನ 23ರಿಂದ 30, ಅಪೊಸ್ತಲರ ಕೃತ್ಯಗಳು, ಅಧ್ಯಾಯ 27)



ಕಟಕೋಳದಂಥ ಎರೆನೆಲದ ಊರಿನಲ್ಲಿ ಕುಳಿತುಕೊಂಡು ಸಮುದ್ರದ ಮಾತನ್ನೆತ್ತುವದು ಕೆಲವರಿಗೆ ನಗೆಯನ್ನು ತಂದೀತು. ವೈಶಾಖ ಮಾಸದಲ್ಲಿ ನಮ್ಮ ಮಲಪ್ರಭೆಯ ಪಾತ್ರದಲ್ಲಿ ಅನೇಕ ಕಡೆ ಮರಳೂ ಕಲ್ಲೂ ಕಾಣುವವೇ ಹೊರತು ದೋಣಿ ತೇಲುವಷ್ಟು ನೀರು ಇರುವದಿಲ್ಲ. ನಮ್ಮ ಹಿರಿಯರಲ್ಲಿ ಬಹು ಮಂದಿ ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಹೀಗಿರಲಾಗಿ ಹಾಯಿಯೂ ಅಲೆಯೂ ನಮಗೇಕೆ ಎಂದು ನೀವು ಕೇಳಬಹುದು. ಆದರೆ 107ನೆಯ ಕೀರ್ತನೆಯನ್ನು ಹಾಡುತ್ತಿದ್ದ ಜನರು ಸಹ ನಮ್ಮ ಹಾಗೆಯೇ ಹೊಲದವರೂ ಕುರಿಹಿಂಡಿನವರೂ ಆಗಿದ್ದರು. ಗುಡ್ಡಗಾಡಿನ ಯೆರೂಸಲೇಮಿನಲ್ಲಿ ನಿಂತು ಅವರು ಹಡಗಿನವರ ಸಂಕಟವನ್ನು ಹಾಡಿದರು. ಅಲೆಯು ಹಡಗನ್ನು ಆಕಾಶದ ಕಡೆಗೆ ಎತ್ತಿತು, ಕೂಡಲೆ ಪಾತಾಳದ ಕಡೆಗೆ ಇಳಿಸಿತು. ಹಡಗಿನವರು ಕುಡಿದವರ ಹಾಗೆ ಓಲಾಡಿದರು. ಅವರ ಜಾಣತನವೆಲ್ಲಾ ತೀರಿಹೋಯಿತು ಎಂದು ಅಲ್ಲಿ ಹೇಳಿದೆ. ಸಮುದ್ರವನ್ನು ನೋಡದವನಿಗೂ ಈ ಮಾತು ತಿಳಿಯುವದು. ಮಳೆಯನ್ನು ನಂಬಿ ಬೀಜವನ್ನು ಮಣ್ಣಿಗೆ ಹಾಕಿದವನಿಗೆ ಏರಿಕೆ ಇಳಿತಗಳ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ಅದನ್ನು ಮುಚ್ಚಿಡದೆ ಹೇಳುವೆನು.

ನಮ್ಮ ಸಭೆಯಲ್ಲಿ ಒಬ್ಬ ಸಹೋದರನಿದ್ದಾನೆ. ಹೆಸರು ಬೇಡ. ಪ್ರತಿ ಆದಿತ್ಯವಾರ ಪ್ರಾರ್ಥನಾಲಯದ ಬಾಗಿಲನ್ನು ತೆಗೆದು, ಕಸ ಗುಡಿಸಿ, ಜಮಖಾನೆ ಹಾಸುವವನು ಅವನೇ. ಕೊಳವೆಬಾವಿ ತೋಡಿಸುವದಕ್ಕೆ ಸಾಲ ಮಾಡಿದನು, ನೀರು ಬೀಳಲಿಲ್ಲ. ಎರಡು ವರುಷ ಮುಂಗಾರಿಯೂ ಕೈಕೊಟ್ಟಿತು. ಯುಗಾದಿಯ ಹೊತ್ತಿಗೆ ಅವನು ಆಲಯಕ್ಕೆ ಬರುವದನ್ನು ಬಿಟ್ಟನು. ಸಾಲ ಕೊಟ್ಟವರು ಊರಲ್ಲೇ ಇರುವದರಿಂದ ಹಗಲು ಹೊತ್ತು ಬೀದಿಗೆ ಬರುವದಕ್ಕೂ ನಾಚುತ್ತಿದ್ದನು. ಒಂದು ಸಾರಿ ಕೆರೆಯ ದಾರಿಯಲ್ಲಿ ಸಿಕ್ಕಾಗ, ಬೇನೆಯಲ್ಲಿರುವ ನೆರೆಯ ವಿಧವೆಯನ್ನು ಸಭೆಯವರು ಕೂಡಿ ನೋಡಿಕೊಳ್ಳಬೇಕೆಂದು ನಾನು ಹೇಳಿದೆನು. ಅವನು, ‘ನಾನೇ ಮುಳಗಾಕತ್ತೇನಿ, ಇನ್ನೊಬ್ಬರ ಕೈ ಹ್ಯಾಂಗ ಹಿಡೀಲಿ, ಉಪದೇಶಿಗಳ?’ ಅಂದನು. ನನಗೆ ಉತ್ತರ ತೋಚಲಿಲ್ಲ. ಅದಾದ ಮೇಲೆ ಮೂರು ಸಾರಿ ಅವನ ಓಣಿಯ ಮೂಲೆಯ ವರೆಗೆ ಹೋಗಿ ತಿರುಗಿ ಬಂದೆನು. ಯಾಕಂದರೆ ನನ್ನ ಜೇಬಿನಲ್ಲಿ ಅವನಿಗೆ ಕೊಡತಕ್ಕದ್ದೇನೂ ಇರಲಿಲ್ಲ. ಬರಿಗೈಯಲ್ಲಿ ಹೋಗುವದಕ್ಕೆ ನನಗೆ ಮನಸ್ಸಾಗಲಿಲ್ಲ. ಸುವಾರ್ತೆಯನ್ನು ಹೊತ್ತವನು ತನ್ನ ಕೈ ಬರಿದೆಂದು ಎಣಿಸಿದ್ದು ಎಂಥ ಪಾಪವೆಂಬದು ಆಗ ನನಗೆ ಹೊಳೆಯಲಿಲ್ಲ.

ಅದೇ ಬೇಸಿಗೆಯಲ್ಲಿ, ಮೇ ತಿಂಗಳ ಮೊದಲ ವಾರದಲ್ಲಿ, ಉಪದೇಶಿಗಳ ಕೂಟಕ್ಕೆಂದು ಕಾರವಾರಕ್ಕೆ ಹೋದೆನು. ಕಾಳೀ ನದಿಯು ಸಮುದ್ರವನ್ನು ಸೇರುವ ಕಡೆಯಲ್ಲಿ ಒಬ್ಬ ಮುದುಕನ ಬಳಿ ಇನ್ನೂ ಹಾಯಿ ಕಟ್ಟುವ ಸಣ್ಣ ದೋಣಿಯಿತ್ತು. ಈಗ ಎಲ್ಲರೂ ಯಂತ್ರದ ದೋಣಿಗಳನ್ನು ಇಟ್ಟುಕೊಂಡಿದ್ದಾರೆ. ನಾವು ಇಬ್ಬರು ಉಪದೇಶಿಗಳು ನಸುಕಿನಲ್ಲಿ ಅವನ ಸಂಗಡ ಹೊರಟೆವು. ಆ ಹೊತ್ತಿನಲ್ಲಿ ಗಾಳಿಯು ಭೂಮಿಯ ಕಡೆಯಿಂದ, ಅಂದರೆ ನಮ್ಮ ಘಟ್ಟಗಳ ದಿಕ್ಕಿನಿಂದ, ಸಮುದ್ರಕ್ಕೆ ಬೀಸುವದು. ರಾತ್ರಿ ನೆಲವು ಬೇಗ ತಣ್ಣಗಾಗುವದು, ನೀರು ಬೆಚ್ಚಗೇ ಇರುವದು, ಆದದರಿಂದ ಹೀಗೆ. ಹಾಯಿಯು ತುಂಬಿಕೊಂಡು ದೋಣಿಯು ಸದ್ದಿಲ್ಲದೆ ಹೊರಗೆ ಓಡಿತು. ನನ್ನ ಸಂಗಡಿಗನು ಸಂತೋಷದಿಂದ ಹಾಡತೊಡಗಿದನು. ನದಿಯ ಬಾಯಿಯನ್ನು ದಾಟಿ ತೆರೆಗಳು ಸಿಕ್ಕೊಡನೆ ಆ ಹಾಡು ನಿಂತಿತು. ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲಾ ಮೀನುಗಳ ಪಾಲಾಯಿತು. ಕೀರ್ತನೆಗಾರನು ಕುಡಿದವರ ಹಾಗೆ ಎಂದು ಯಾಕೆ ಹೇಳಿದನೆಂಬದನ್ನು, ಎಂದೂ ಕುಡಿಯದ ನಾನು ಆ ದಿನ ಚೆನ್ನಾಗಿ ಕಲಿತೆನು.

ಹೊತ್ತು ಏರಿದ ಮೇಲೆ ಗಾಳಿಯೇ ನಿಂತುಹೋಯಿತು. ಹಾಯಿಯು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ದೋಣಿಯು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು, ಸುಮ್ಮನೆ ತೂಗುವದು. ನನಗೆ ತೆರೆಗಳಿಗಿಂತ ಇದು ಹೆಚ್ಚು ಕಠಿನವಾಗಿ ತೋರಿತು. ‘ಅಜ್ಜಾ, ಹುಟ್ಟು ಹಾಕಿ ದಡ ಸೇರಿಸಬಾರದೇ?’ ಎಂದು ಕೇಳಿದೆನು. ‘ಗಾಳಿ ತಿರುಗುವ ಹೊತ್ತು ಇದು, ಮಾಸ್ತರೇ. ಹಾಯಿಯನ್ನು ಇಳಿಸಬಾರದು, ಚುಕ್ಕಾಣಿಯನ್ನು ಬಿಡಬಾರದು, ಅಷ್ಟೇ’ ಎಂದು ಅವನು ಹೇಳಿ ಎಲೆ ಅಡಿಕೆ ಹಾಕಿಕೊಂಡನು. ಮಧ್ಯಾಹ್ನವಾದಾಗ ಪಡುವಣ ಗಾಳಿಯು ಬಂತು. ನೆಲವು ಕಾದ ಮೇಲೆ ಸಮುದ್ರದ ತಂಪುಗಾಳಿಯು ಒಳಕ್ಕೆ ಬರುವದು. ಬೆಳಿಗ್ಗೆ ನಮ್ಮನ್ನು ಹೊರಗೆ ಕಳುಹಿಸಿದ ಬಿಸಿಲೂ ನೆಲವೂ ಈಗ ನಮ್ಮನ್ನು ಮನೆಗೆ ಕರೆತಂದವು. ಈ ತೀರದವರು ಅನೇಕ ತಲೆಮಾರುಗಳಿಂದ ಹೀಗೆಯೇ ಹೋಗಿ ಬಂದಿದ್ದಾರೆ. ಇಳಿಯುವಾಗ ಮುದುಕನು, ತಿಂಗಳು ಮುಗಿಯುವದರೊಳಗೆ ದೋಣಿಯನ್ನು ದಂಡೆಗೆ ಎಳೆದು ಮೇಲೆ ಗರಿ ಹೊದಿಸಿಬಿಡುವೆನೆಂದನು. ಜೂನ್ ತಿಂಗಳಿನ ಗಾಳಿಯಲ್ಲಿ ಇಂಥ ದೋಣಿ ಉಳಿಯದಂತೆ. ಆ ಗಾಳಿಯೇ ಘಟ್ಟವನ್ನು ಏರಿ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಳೆಯಾಗಿ ಸುರಿದು ನಮ್ಮ ಮಲಪ್ರಭೆಯನ್ನು ಹುಟ್ಟಿಸುವದು, ನವಿಲುತೀರ್ಥದ ಆಣೆಕಟ್ಟನ್ನು ತುಂಬಿಸುವದು. ಅವನು ಹೆದರಿ ದೋಣಿಯನ್ನು ಕಟ್ಟಿಹಾಕುವ ದಿನವನ್ನೇ ನಾವು ಇಲ್ಲಿ ಆಕಾಶ ನೋಡುತ್ತಾ ಕಾಯುತ್ತಿರುವೆವು. ಆದರೆ ನಮಗೂ ಅದು ಯಾವಾಗಲೂ ಮಿತವಾಗಿ ಬರುವದಿಲ್ಲ. 2019ರ ಅಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿದ್ದನ್ನು ನೀವು ಮರೆತಿರಲಾರಿರಿ.

ಗಾಳಿಗೂ ಆತ್ಮಕ್ಕೂ ಗ್ರೀಕ್ ಭಾಷೆಯಲ್ಲಿ ಪ್ನ್ಯೂಮ ಎಂಬ ಒಂದೇ ಶಬ್ದವಿದೆ ಎಂದು ಸೆಮಿನರಿಯಲ್ಲಿ ನಮಗೆ ಕಲಿಸಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕಗಳನ್ನೂ ಪಡೆದಿದ್ದೆನು. ಗಾಳಿ ನಿಂತ ದೋಣಿಯಲ್ಲಿ ಕುಳಿತ ಆ ದಿನವೇ ಅದರ ಅರ್ಥವು ನನ್ನ ಮನಸ್ಸಿಗೆ ನಾಟಿತು. ನಮ್ಮ ಹಿರಿಯರಿಗೆ ಕಣದಲ್ಲಿ ಇದು ಗೊತ್ತಿತ್ತು. ರಾಶಿಯ ಯಂತ್ರಗಳು ಬರುವದಕ್ಕೆ ಮುಂಚೆ ಮೊರದಲ್ಲಿ ಜೋಳವನ್ನು ಎತ್ತಿ ಹಿಡಿದು ಗಾಳಿಗಾಗಿ ಕಾದು ನಿಂತವರು ಅವರು. ಗಾಳಿಯನ್ನು ದುಡ್ಡು ಕೊಟ್ಟು ತರುವ ಹಾಗಿರಲಿಲ್ಲ. ಬಂದಾಗ ಮೊರ ಕೈಯಲ್ಲಿರಬೇಕಾಗಿತ್ತು.

ಕನ್ನಡ ನಾಡಿಗೆ ಬಾಸೆಲ್ ಮಿಷನ್ನಿನ ಮೊದಲಿಗರು ಬಂದದ್ದು ಸಹ ಹಾಯಿಯ ಮೇಲೆಯೇ. ಸಾಮುವೇಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಬೇಸಿಗೆಯಲ್ಲಿ ಇಂಗ್ಲೆಂಡಿನಿಂದ ಹಡಗು ಹತ್ತಿದರು. ಸುಯೆಜ್ ಕಾಲುವೆಯು ತೆರೆದದ್ದು 1869ರಲ್ಲಿ. ಆದದರಿಂದ ಅವರು ಆಫ್ರಿಕಾ ಖಂಡವನ್ನು ಸುತ್ತಿ ಬರಬೇಕಾಯಿತು. ಅಂಥ ಯಾತ್ರೆಯಲ್ಲಿ ಭೂಮಧ್ಯರೇಖೆಯ ಸಮೀಪ ಗಾಳಿಯಿಲ್ಲದೆ ಹಡಗುಗಳು ದಿನಗಟ್ಟಲೆ ನಿಲ್ಲುವದುಂಟು. ಆಫ್ರಿಕಾದ ದಕ್ಷಿಣಕ್ಕೆ ಬಂದರೆ ಅಲೆಗಳು ಮನೆಗಿಂತ ಎತ್ತರ ಏಳುವದುಂಟು. ಅಕ್ಟೋಬರ್ 30ರಂದು ಅವರು ಮಂಗಳೂರನ್ನು ಸೇರಿದರು. 1837ರಲ್ಲಿ ಮಿಷನ್ನಿನವರು ಘಟ್ಟವನ್ನು ಹತ್ತಿ ಧಾರವಾಡಕ್ಕೆ ಬಂದರು. ನಮ್ಮ ಕೈಯಲ್ಲಿರುವ ಈ ಪುಸ್ತಕದ ಹಿಂದೆ ತಿಂಗಳುಗಟ್ಟಲೆ ಜೋತುಬಿದ್ದ ಹಾಯಿಗಳೂ ಇವೆ.

ಈಗ ಪೌಲನ ಹಡಗಿನ ಕಡೆಗೆ ಬರೋಣ. ಅವನು ಕೈದಿಯಾಗಿ ರೋಮಾಪುರಕ್ಕೆ ಹೋಗುತ್ತಿದ್ದನು. ಸಮುದ್ರಯಾತ್ರೆಗೆ ತಕ್ಕ ಬೇಸಿಗೆಯ ಕಾಲವು ತೀರುತ್ತಾ ಬಂದಿತ್ತು. ಯೆಹೂದ್ಯರ ಉಪವಾಸದ ದಿನವೂ ದಾಟಿತ್ತು. ಇಲ್ಲಿಯೇ ಇರೋಣವೆಂದು ಪೌಲನು ಕ್ರೇತ ದ್ವೀಪದಲ್ಲಿ ಬುದ್ಧಿ ಹೇಳಿದನು. ಆದರೆ ಶತಾಧಿಪತಿಗೆ ಹಡಗಿನ ಯಜಮಾನನ ಮಾತು ರುಚಿಸಿತು. ತೆಂಕಣ ಗಾಳಿಯು ಮೆಲ್ಲಗೆ ಬೀಸಿದಾಗ ತಮ್ಮ ಎಣಿಕೆಯೇ ಸರಿಯಾಯಿತೆಂದು ಎಲ್ಲರೂ ಹಿಗ್ಗಿದರು. ಮೆಲ್ಲನೆಯ ಗಾಳಿಯು ಎಷ್ಟು ಮಂದಿಯನ್ನು ಮೋಸಗೊಳಿಸಿದೆಯೋ! ಒಂದು ಒಳ್ಳೆಯ ಮಳೆ ಬಿದ್ದೊಡನೆ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರನ್ನು ನಾನು ಬಲ್ಲೆನು. ಬೇಗನೆ ಬಿರುಗಾಳಿಯು ದ್ವೀಪದ ಕಡೆಯಿಂದ ಬಡಿಯಿತು. ಸರಕು ಹೋಯಿತು, ಹಡಗಿನ ಸಾಮಾನು ಹೋಯಿತು. ಬಹು ದಿನ ಸೂರ್ಯನೂ ನಕ್ಷತ್ರಗಳೂ ಕಾಣಲಿಲ್ಲ. ಉಳಿಯುವ ಆಶೆಯೂ ಹೋಯಿತೆಂದು ಲೂಕನು ಮರೆಮಾಜದೆ ಬರೆದಿದ್ದಾನೆ. ನಂಬಿದವರ ಹಡಗಿಗೆ ಬಿರುಗಾಳಿ ತಟ್ಟುವದಿಲ್ಲವೆಂದು ಬೋಧಿಸುವವರು ಈ ಅಧ್ಯಾಯವನ್ನು ಓದಲಿ. ಅಪೊಸ್ತಲನು ಒಳಗಿದ್ದ ಹಡಗೇ ಒಡೆಯಿತು.

ಹದಿನಾಲ್ಕನೆಯ ರಾತ್ರಿ ನಡೆದ ಸಂಗತಿಯನ್ನು ನಾವು ಸಾಮಾನ್ಯವಾಗಿ ಅವಸರದಲ್ಲಿ ಓದಿ ಬಿಡುತ್ತೇವೆ. ನಾವಿಕರು ನೀರಿನ ಆಳವನ್ನು ಅಳೆದರು. 20 ಮಾರು ಬಂತು. ಸ್ವಲ್ಪ ಮುಂದೆ 15 ಮಾರು. ಬಂಡೆಗಳಿಗೆ ಹೆದರಿ ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಬಿಟ್ಟು ಬೆಳಗಾಗಲೆಂದು ಹಾರೈಸಿದರು. ಅಷ್ಟರಲ್ಲಿ ಅವರಿಗೆ ಒಂದು ಯೋಚನೆ ಹುಟ್ಟಿತು. ಮುಂಭಾಗದಿಂದಲೂ ಲಂಗರು ಹಾಕುತ್ತೇವೆಂಬ ನೆವದಿಂದ ಸಣ್ಣ ದೋಣಿಯನ್ನು ನೀರಿಗೆ ಇಳಿಸಿದರು. ಅದರಲ್ಲಿ ತಾವು ಮಾತ್ರ ತಪ್ಪಿಸಿಕೊಳ್ಳಬೇಕೆಂಬದೇ ಅವರ ಆಲೋಚನೆ. ಇವರು ಹಡಗಿನಲ್ಲಿ ಉಳಿಯದೆ ಹೋದರೆ ನೀವೂ ಉಳಿಯಲಾರಿರಿ ಎಂದು ಪೌಲನು ಶತಾಧಿಪತಿಗೂ ಸಿಪಾಯಿಗಳಿಗೂ ತಿಳಿಸಿದನು. ಸಿಪಾಯಿಗಳು ಹಗ್ಗವನ್ನು ಕತ್ತರಿಸಿ ಆ ದೋಣಿಯನ್ನು ಬಿಟ್ಟುಬಿಟ್ಟರು. ಬಳಿಕ ಪೌಲನು ರೊಟ್ಟಿಯನ್ನು ತೆಗೆದುಕೊಂಡು ಎಲ್ಲರ ಮುಂದೆ ಸ್ತೋತ್ರಮಾಡಿ ಮುರಿದು ತಿಂದನು. 276 ಮಂದಿಯೂ ತಿಂದು ಧೈರ್ಯಗೊಂಡರು. ಬೆಳಿಗ್ಗೆ ಹಡಗು ಒಡೆದಾಗ ಈಜು ಬಲ್ಲವರು ಈಜಿದರು, ಬಾರದವರು ಹಲಗೆ ಹಿಡಿದುಕೊಂಡರು, ಒಬ್ಬನಾದರೂ ನಷ್ಟವಾಗಲಿಲ್ಲ. ನೋಡಿರಿ, ಆ ಸಣ್ಣ ದೋಣಿಯನ್ನು ಇಳಿಸಿದವರು ದುಷ್ಟರೇನೂ ಆಗಿರಲಿಲ್ಲ. ಹೆದರಿದ್ದರು, ಅಷ್ಟೇ. ನನ್ನ ಸಹೋದರನೂ ಹೆದರಿ ಮನೆಯ ಕದ ಮುಚ್ಚಿಕೊಂಡಿದ್ದನು. ಅವನ ಓಣಿಯ ಮೂಲೆಯಿಂದ ತಿರುಗಿ ಬಂದ ನಾನು ಯಾವ ದೋಣಿಯಲ್ಲಿದ್ದೆನೆಂಬದನ್ನು ನೀವೇ ಹೇಳಿರಿ.

ಇದು ಎಂದೋ ನಡೆದ ಮಾತು ಎನ್ನುವವರಿಗಾಗಿ ನಮ್ಮ ಕಾಲದ ಒಂದು ಯಾತ್ರೆಯನ್ನು ಹೇಳುವೆನು. ಅದರ ಆರಂಭವು ನಮ್ಮ ಜಿಲ್ಲೆಗೆ ಸಂಬಂಧಪಟ್ಟದ್ದು. ಮಲಪ್ರಭೆಯು ಹುಟ್ಟುವ ಖಾನಾಪುರ ತಾಲೂಕಿನ ಕಾಡಿನಲ್ಲಿಯೇ ಮಹಾದಾಯಿಯೂ ಹುಟ್ಟುವದು. ಒಂದು ಮೂಡಲಿಗೆ ಹರಿದು ಕೃಷ್ಣೆಯನ್ನು ಸೇರುವದು. ಇನ್ನೊಂದು ಪಡುವಲಿಗೆ ಇಳಿದು ಗೋವೆಯಲ್ಲಿ ಮಾಂಡವಿಯೆನಿಸಿಕೊಂಡು ಪಣಜಿಯ ಬಳಿ ಸಮುದ್ರಕ್ಕೆ ಬೀಳುವದು. ಅವುಗಳ ನೀರಿನ ಸಲುವಾಗಿ ರಾಜ್ಯಗಳು ನಡಿಸುತ್ತಿರುವ ವ್ಯಾಜ್ಯವು ನಿಮಗೆ ಗೊತ್ತೇ ಇದೆ. ಗೋವೆಯ ಒಂದು ಹಡಗುಕಟ್ಟೆಯಲ್ಲಿ ನಮ್ಮ ನೌಕಾದಳಕ್ಕಾಗಿ 56 ಅಡಿಯ ಒಂದು ಹಾಯಿದೋಣಿಯನ್ನು ಕಟ್ಟಿ 2009ರಲ್ಲಿ ನೀರಿಗಿಳಿಸಿ, ಅದಕ್ಕೆ ಮಾದೇಯಿ ಎಂದು ಆ ನದಿಯ ಹೆಸರನ್ನೇ ಇಟ್ಟರು. ಅದರಲ್ಲಿ ದಿಲೀಪ ದೊಂದೆಯವರು 2009ರಿಂದ 2010ರ ವರೆಗೆ ಒಬ್ಬರೇ, ನಾಲ್ಕು ಬಂದರುಗಳಲ್ಲಿ ತಂಗುತ್ತಾ, ಭೂಮಿಯನ್ನು ಸುತ್ತಿ ಬಂದರು. ಬಳಿಕ ಅಭಿಲಾಷ ಟೋಮಿಯವರು 2012ರ ನವೆಂಬರ್ 1ರಂದು ಮುಂಬಯಿಯಿಂದ ಹೊರಟು, ಎಲ್ಲಿಯೂ ನಿಲ್ಲದೆ, ಯಾರ ಸಹಾಯವೂ ಇಲ್ಲದೆ, 2013ರ ಮಾರ್ಚ್ 31ರಂದು ಹಿಂದಿರುಗಿದರು. ಭಾರತೀಯರಲ್ಲಿ ಹೀಗೆ ಮಾಡಿದವರು ಅವರೇ ಮೊದಲಿಗರು. ಇದು ಏರಿಕೆ.

ಇಳಿತವು 2018ರಲ್ಲಿ ಬಂತು. ಆ ವರುಷದ ಜುಲೈ 1ರಂದು, ಬೇಸಿಗೆಯ ದಿನಗಳಲ್ಲಿ, ಫ್ರಾನ್ಸ್ ದೇಶದಿಂದ ಒಂದು ಪಂದ್ಯವು ಹೊರಟಿತು. ಒಬ್ಬೊಬ್ಬರೇ ಒಂದೊಂದು ಸಣ್ಣ ಹಾಯಿದೋಣಿಯಲ್ಲಿ ಲೋಕವನ್ನು ಸುತ್ತಬೇಕು. ಐವತ್ತು ವರುಷಗಳ ಹಿಂದಿನ ಸಲಕರಣೆಗಳನ್ನೇ ಉಪಯೋಗಿಸಬೇಕು. ಸೂರ್ಯ ನಕ್ಷತ್ರಗಳನ್ನು ಅಳೆದು ದಾರಿಯನ್ನು ತಿಳಿಯಬೇಕು. ಟೋಮಿಯವರು ಗೋವೆಯಲ್ಲಿಯೇ ಕಟ್ಟಿದ ತುರೀಯ ಎಂಬ ದೋಣಿಯಲ್ಲಿ ಹೋದರು. ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಬಿರುಗಾಳಿಯು ಸಿಕ್ಕಿತು. ದೋಣಿಯು ಬುಡಮೇಲಾಗಿ ಉರುಳಿತು. ಇಂಥ ದೋಣಿಯ ಅಡಿಯಲ್ಲಿ ದೊಡ್ಡ ಭಾರವನ್ನು ಕಟ್ಟಿರುತ್ತಾರೆ. ಆ ಭಾರವೇ ಅದನ್ನು ತಿರುಗಿ ನೆಟ್ಟಗೆ ನಿಲ್ಲಿಸುವದು. ಹಾಗೆಯೇ ಅದು ಎದ್ದು ನಿಂತಿತು. ಆದರೆ ಹಾಯಿಯ ಕಂಬಗಳು ಮುರಿದಿದ್ದವು, ಅವರ ಬೆನ್ನೆಲುಬೂ ಮುರಿದಿತ್ತು. ನಡೆಯುವದಕ್ಕಾಗದೆ, ಒಂದು ಗುಟುಕು ಕುಡಿದರೂ ವಾಂತಿಯಾಗುತ್ತಾ, ದಡದಿಂದ ಸಾವಿರಾರು ಮೈಲಿ ದೂರದಲ್ಲಿ ಅವರು ಹಾಸಿಗೆಯಲ್ಲಿ ಬಿದ್ದಿದ್ದರು. ಒಂದು ಸಣ್ಣ ಯಂತ್ರದ ಮೂಲಕ ನಾಲ್ಕಾರು ಶಬ್ದಗಳ ಸುದ್ದಿಯನ್ನು ಕಳುಹಿಸುವದು ಮಾತ್ರ ಸಾಧ್ಯವಿತ್ತು.

ಅದೇ ಬಿರುಗಾಳಿಯಲ್ಲಿ ಅಯರ್ಲೆಂಡ್ ದೇಶದ ಗ್ರೆಗರ್ ಮಕ್‌ಗಕಿನ್ ಎಂಬವರ ದೋಣಿಯ ಕಂಬಗಳು ಸಹ ಮುರಿದುಹೋಗಿದ್ದವು. ಅವರೂ ಪಂದ್ಯದವರೇ. ತನ್ನ ದೋಣಿಯೇ ಮುರಿದವನು ಏನು ಮಾಡಬೇಕು? ದಡದ ಕಡೆಗೆ ತಿರುಗಬೇಕೆಂದು ಲೋಕದ ಬುದ್ಧಿ ಹೇಳುವದು. ಅವರು ಉಳಿದ ತುಂಡುಗಳನ್ನು ಕಟ್ಟಿ ಒಂದು ಮೋಟು ಕಂಬವನ್ನು ನಿಲ್ಲಿಸಿ, ಅದಕ್ಕೊಂದು ಹಾಯಿಯ ಚೂರನ್ನು ಏರಿಸಿ, ಟೋಮಿಯವರು ಬಿದ್ದಿದ್ದ ದಿಕ್ಕಿಗೆ ದೋಣಿಯನ್ನು ತಿರುಗಿಸಿದರು. ಅವರ ಬಳಿ ಬೆನ್ನು ಕಟ್ಟುವ ವೈದ್ಯವಿದ್ಯೆ ಇರಲಿಲ್ಲ. ತಲಪಿದ್ದರೆ ಅವರಿಂದ ಏನಾಗುತ್ತಿತ್ತೋ! ಆದರೂ ಹೊರಟರು. ನಮ್ಮ ನೌಕಾದಳದ ವಿಮಾನವು ಹಾರಿ ಹೋಗಿ ತುರೀಯವನ್ನು ಕಂಡುಹಿಡಿಯಿತು. ಸೆಪ್ಟೆಂಬರ್ 24ರಂದು ಫ್ರಾನ್ಸಿನವರ ಓಸಿರಿಸ್ ಎಂಬ ಹಡಗು ಬಂದು ಟೋಮಿಯವರನ್ನು ಎತ್ತಿಕೊಂಡಿತು. ಬಳಿಕ ಅದೇ ಹಡಗು ಮಕ್‌ಗಕಿನ್ನರನ್ನೂ ಎತ್ತಿಕೊಂಡಿತು.

ಟೋಮಿಯವರ ಬೆನ್ನಿನಲ್ಲಿ ಲೋಹದ ಸರಳುಗಳನ್ನು ಕೂಡಿಸಬೇಕಾಯಿತು; ಮಗುವಿನಂತೆ ನಡೆಯುವದನ್ನು ಮತ್ತೆ ಕಲಿತರು. 2022ರ ಸೆಪ್ಟೆಂಬರಿನಲ್ಲಿ ಅದೇ ಪಂದ್ಯಕ್ಕೆ ತಿರುಗಿ ಹೋಗಿ 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಮುಟ್ಟಿದರು. ಮೊದಲು ಬಂದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಎಂಬ ಹೆಣ್ಣುಮಗಳು. ಆಕೆಯು ಸಹ ಪಂದ್ಯದ ನಡುವೆ ದಾರಿ ಬಿಟ್ಟು ಹೋಗಿ, ದೋಣಿ ಮುಳುಗಿ ನೀರಿನ ಪಾಲಾಗಿದ್ದ ಫಿನ್ಲೆಂಡಿನ ಒಬ್ಬ ನಾವಿಕನನ್ನು ಉಳಿಸಿದಳು. ಇವರೆಲ್ಲರೂ ಯಾವ ಮತದವರೆಂಬದನ್ನು ನಾನು ವಿಚಾರಿಸಹೋಗಲಿಲ್ಲ. ಸಮಾರ್ಯದವನ ಸಾಮ್ಯದಲ್ಲಿ ಕರ್ತನು ಸಹ ಅದನ್ನು ವಿಚಾರಿಸಲಿಲ್ಲ.

ಕಾರವಾರದಿಂದ ಬಂದ ಶನಿವಾರ ದೀಪ ಹಚ್ಚುವ ಹೊತ್ತಿಗೆ ನಾನು ಆ ಸಹೋದರನ ಮನೆಗೆ ಹೋದೆನು. ಕೈ ಬರಿದಾಗಿಯೇ ಇತ್ತು. ಅವನು ಹೊರಸಿನ ಮೇಲಿಂದ ಏಳಲಿಲ್ಲ. ಇಷ್ಟು ದಿನ ಬಾರದೆ ಇದ್ದದ್ದಕ್ಕೆ ಮೊದಲು ಕ್ಷಮೆ ಕೇಳಿದೆನು. ಪ್ರಸಂಗವನ್ನು ಮಾಡಲಿಲ್ಲ. ಹೊಟ್ಟೆಯಲ್ಲಿದ್ದದ್ದನ್ನು ಮೀನುಗಳಿಗೆ ಕೊಟ್ಟ ಸಂಗತಿಯನ್ನು ಹೇಳಲು ಅವನ ಹೆಂಡತಿಯು ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಕಂಬ ಮುರಿದ ದೋಣಿಗಳ ಕಥೆಯನ್ನು ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಬೆನ್ನು ಮುರಿದವನ ಕಡೆ ಹೊಂಟಿದ್ನಲ್ಲಾ, ಅವಗ ಏನಾತು?’ ಎಂದು ಕೇಳಿದನು. ಅದೇ ಹಡಗು ಅವನನ್ನೂ ಕರೆದುಕೊಂಡಿತೆಂದು ಹೇಳಿದೆನು. ಮತ್ತೇನನ್ನೂ ಕೇಳಲಿಲ್ಲ. ಮೂವರೂ ಪ್ರಾರ್ಥಿಸಿದೆವು. ಬಳಿಕ ಸಾಲದ ಕಾಗದಗಳನ್ನು ತರಿಸಿ ಒಂದೊಂದನ್ನೇ ಓದಿ ಹೇಳಿದೆನು. ಯಾವ ಸಾಲಕ್ಕೆ ಯಾರ ಬಳಿಗೆ ಕೂಡಿ ಹೋಗಬೇಕೆಂಬದನ್ನು ಗೊತ್ತುಮಾಡಿಕೊಂಡೆವು. ಕಾಗದ ಓದುವದಕ್ಕೆ ಜೇಬಿನಲ್ಲಿ ದುಡ್ಡು ಬೇಕಾಗಿರಲಿಲ್ಲ.

ಮರುದಿನ ಆದಿತ್ಯವಾರ ಅವನು ಆಲಯಕ್ಕೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಜೂನ್ ತಿಂಗಳಲ್ಲಿ ಮಳೆ ಬಿದ್ದು ನೆಲವು ಹದಕ್ಕೆ ಬಂದ ದಿನ ಬೆಳಿಗ್ಗೆ ನಾನು ಆ ಬೇನೆಯ ವಿಧವೆಯನ್ನು ನೋಡುವದಕ್ಕೆ ಹೋದೆನು. ಆಕೆಯು ಬಾಗಿಲ ಬಳಿ ಕುಳಿತು ಹೊಲದ ಕಡೆಗೆ ಕೈತೋರಿಸಿದಳು. ಅವನು ಯಾರದೋ ಎತ್ತುಗಳನ್ನು ಬೇಡಿ ತಂದು ಆಕೆಯ ಎರಡು ಎಕರೆಯಲ್ಲಿ ಕೂರಿಗೆ ಹೂಡಿದ್ದನು; ಅವನ ಹೆಂಡತಿಯು ಹಿಂದಿನಿಂದ ಬೀಜ ಹಾಕುತ್ತಿದ್ದಳು. ನಾನು ಬದುವಿನ ಮೇಲೆ ನಿಂತು ಕರೆದಾಗ ಅವನು ಎತ್ತುಗಳನ್ನು ನಿಲ್ಲಿಸದೆಯೇ, ‘ಆಮ್ಯಾಲ ಮಾತಾಡೋಣ್ರಿ, ಹದ ಹೋಗ್ತೈತಿ’ ಎಂದು ಕೂಗಿದನು. ಬದುವಿನ ಆಚೆ ಅವನ ಸ್ವಂತ ಹೊಲವು ಇನ್ನೂ ಬಿತ್ತದೆ ಇತ್ತು.